ಮಾವನ ಅಮೋನಿಯ

ಜಗತ್ತಿನ ಅಮೋನಿಯ ಮಾರುಕಟ್ಟೆ ಎಲ್ಲಿ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ಲಂಡನ್ನು, ಸಿಂಗಪುರ ಎಂದೆಲ್ಲ ಹೇಳಿ ನಗೆಪಾಟಲಾಗಬೇಡಿ. ಅದು ನಡೆಯುವುದು ರಾಮನಗರದ ಹತ್ತಿರದ ಕೂಟಗಲ್‌ನಲ್ಲಿ! ಅಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಟೀ ಅಂಗಡಿ ಇದೆ. ಅದರ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬೆಳಗಾಗುತ್ತಲೇ ನಮ್ಮ ಸೋದರಮಾವ ಬಂದು ಕೂರುತ್ತಾನೆ. ಬಲಗೈಯಲ್ಲಿ ಟೀ ಲೋಟ, ಎಡಗೈಯಲ್ಲಿ ಮೊಬೈಲು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಮಾರುಕಟ್ಟೆ ತೆರೆಯಿತು ಎಂದು ಅರ್ಥ. ಲೋಟ ಕೆಳಗಿಟ್ಟರೆ ಮುಚ್ಚಿತು.

ಸೋದರಮಾವನನ್ನು ಏಕವಚನದಲ್ಲಿ ಬರೆಯುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡಿ. ಒಮ್ಮೆ ಬಾಯಿತಪ್ಪಿ "ಬನ್ನಿ ಮಾವ" ಅಂದದ್ದಕ್ಕೆ, "ಯಾಕ್ಲಾ, ನನ್ ಮ್ಯಾಲೆ ಏನಾರ ಕ್ವಾಪನಾ?" ಎಂದು ಮುಖ ಸಣ್ಣ ಮಾಡಿಕೊಂಡಿದ್ದ ಆಸಾಮಿ ಅವನು.

ಒಂದು ದಿನದ ವಹಿವಾಟು ಹೀಗಿತ್ತು. ಮಾವ ಕೆಮ್ಮಿದ. ಎಲ್ಲರೂ ತಿರುಗಿ ನೋಡಿದರು.

"ಕೊಲ್ಲಿ ಕಡೆ ಗ್ಯಾಸು ಏರ್ಬುಟ್ಟೈತೆ ಕಣ್ರಪ್ಪಾ."

"ಏರುದ್ರೆ ಏರ್ಲಿ ಬುಡಣ್ಣ, ನಮ್ಮನೆ ಸಿಲಿಂಡ್ರು ಮೊನ್ನೆ ತಾನೆ ಬಂತು," ಅಂದ ಟೀ ಅಂಗಡಿಯವನು.

"ಲೇ, ಆ ಗ್ಯಾಸಲ್ಲ ಕಣ್ಲಾ! ನೆಲದೊಳಗಿಂದ ತೆಗೆಯೋ ಗ್ಯಾಸು. ಅದ್ನ ಆವಿ ಜೊತೆ ಸೇರ್ಸಿ ಕಾಯ್ಸುದ್ರೆ ಸಿಂಥೆಸಿಸ್ ಗ್ಯಾಸು. ಅದ್ರಲ್ಲಿರೋ ಹೈಡ್ರೋಜನ್ನಿಗೆ ಗಾಳೀಲಿರೋ ಸಾರಜನಕ ಗಂಟು ಹಾಕುದ್ರೆ ಅಮೋನಿಯ. ಅಮೋನಿಯದಿಂದ ಯೂರಿಯ. ಯೂರಿಯದಿಂದ ಹಿಪ್ಪುನೇರಳೆ ಸೊಪ್ಪು. ಸೊಪ್ಪಿಂದ ಹುಳ, ಹುಳದಿಂದ ಗೂಡು, ಗೂಡಿಂದ ಸೀರೆ. ಅಲ್ಲಿ ಗ್ಯಾಸು ಏರುದ್ರೆ ಇಲ್ಲಿ ನಿನ್ ಮಗಳ ಧಾರೆ ಸೀರೆ ಏರ್ತದೆ, ಗೊತ್ತಾ?"

ಟೀ ಅಂಗಡಿಯವನಿಗೆ ಇನ್ನೂ ಮದುವೆಯೇ ಆಗಿಲ್ಲ. ಆದರೂ ಪಾಪ, ಆ ದಿನವೆಲ್ಲ ಅವನು ಕಂಗಾಲಾಗಿದ್ದ.

ಇದರ ಮುಂದಿನ ಭಾಗ ಇನ್ನೂ ಚೆನ್ನಾಗಿದೆ. "ಇನ್ನು ಯೂರಿಯ ಮೂಟೆ ಸಿಗೋದು ಕಷ್ಟ" ಎಂದು ಮಾವ ಭವಿಷ್ಯ ನುಡಿದದ್ದೇ ತಡ, ಮರುದಿನ ಕೋಳಿ ಕೂಗುವ ಹೊತ್ತಿಗೆ ಸೊಸೈಟಿಯ ಮುಂದೆ ಸಾಲು ನಿಂತಿತ್ತು. ಸಾಲು ಅಂದರೆ ಮನುಷ್ಯರದಲ್ಲ, ಚಪ್ಪಲಿಗಳದ್ದು. ನಮ್ಮ ಕಡೆ ಗೊಬ್ಬರಕ್ಕೆ ಮೊದಲು ಚಪ್ಪಲಿ ನಿಲ್ಲುತ್ತದೆ, ಯಜಮಾನ ಮನೆಗೆ ಹೋಗಿ ಮುದ್ದೆ ಉಂಡು ಬರುತ್ತಾನೆ. ಒಂದು ಮೂಟೆ ಬೇಕಾದವರು ಮೂರು ಒಯ್ದರು. ಬೇಡದವರೂ ಇರಲಿ ಎಂದು ಎರಡು ಒಯ್ದರು. ಮಧ್ಯಾಹ್ನದ ಹೊತ್ತಿಗೆ ಗೋದಾಮು ಗುಡಿಸಿ ಸಾರಿಸಿದಂತೆ ಖಾಲಿ! ಮಾವ ಮಾತ್ರ ಎದೆಯುಬ್ಬಿಸಿ, "ನೋಡುದ್ರಾ? ನಾನು ಹೇಳ್ಳಿಲ್ವಾ, ಸಿಗಾಕಿಲ್ಲ ಅಂತ!" ಅಂದ. ಕೊಲ್ಲಿಯ ಗ್ಯಾಸು ಕೂಟಗಲ್ ಮುಟ್ಟಲು ಇನ್ನೂ ತಿಂಗಳುಗಳು ಬೇಕಿತ್ತೇನೋ. ಮಾವ ಅದನ್ನು ಒಂದೇ ಟೀಯಲ್ಲಿ ಮುಟ್ಟಿಸಿದ್ದ.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಎಲ್ಲರ ಬಾಯಿಗೆ ಮಾಸ್ಕು ಕಟ್ಟಿಸಿ ಊರಿಗೂರನ್ನೇ ಮಲಗಿಸಿದ ಜ್ವರ ಬಂತಲ್ಲ, ಆಗ ಮಾವನ ಮನೆಯಲ್ಲೂ ಗಂಡ ಹೆಂಡತಿ ಇಬ್ಬರೂ ಮಲಗಿದ್ದರು. ಎದ್ದ ಮೇಲೆ ಅತ್ತೆ ಮೊದಲಿನಂತೆ ಹುಳದ ಮನೆಗೆ ಹೋದಳು. ಮಾವ ಅಮೋನಿಯಕ್ಕೆ ಹೋದ. ಎಲ್ಲರಿಗೂ ಜ್ವರ ಮೈಗೆ ಬಂದರೆ ಇವನಿಗೆ ತಲೆಗೇರಿತು ಎಂದು ಊರು ತೀರ್ಮಾನಿಸಿತು.

ಅತ್ತೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಊರಿನ ಬೆಳೆ ನಿಂತಿರುವುದು ಅವಳ ಮೂಗಿನ ಮೇಲೆ. ಅತ್ತೆ ಚಾಕಿ ಮಾಡುತ್ತಾಳೆ. ಅಂದರೆ ರೇಷ್ಮೆಮೊಟ್ಟೆ ತಂದು, ಮರಿ ಮಾಡಿಸಿ, ಎಳೆ ಹುಳಗಳನ್ನು ಎರಡನೇ ಜ್ವರ ದಾಟಿಸಿ ಬೇರೆಯವರಿಗೆ ಕೊಡುವುದು. (ಹುಳ ಪೊರೆ ಬಿಡುವಾಗ ಮೇವು ಮುಟ್ಟದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ.) ಚಾಕಿ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ. ಹುಳ ಕೊಡುವ ದಿನ ಅತ್ತೆ ಒಂದೊಂದೇ ತಟ್ಟೆಯ ಮೇಲಿನ ಕಾಗದ ಸರಿಸಿ, ಬಗ್ಗಿ, ಕಣ್ಣು ಮುಚ್ಚಿ ಮೂಸುತ್ತಾಳೆ. ಹುಳ ಕೆಟ್ಟಿದ್ದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಸರಿ ಅನಿಸಿದರೆ "ತಕ್ಕೊಂಡೋಗವ್ವ" ಅನ್ನುತ್ತಾಳೆ. ಅನಿಸದಿದ್ದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಅವಳು ಮೂಸದೆ ಕೊಟ್ಟರೆ ಊರಲ್ಲಿ ಯಾರೂ ಮುಟ್ಟುವುದಿಲ್ಲ. ಸರ್ಕಾರದ ಮೊಹರು ಬೇಕಾದರೆ ಸುಳ್ಳಾಗಬಹುದು, ಅತ್ತೆಯ ಮೂಗು ಸುಳ್ಳಾಗದು ಎಂಬ ನಂಬಿಕೆ.

ಹೀಗಿರುವಾಗ ಗಂಡನಾದವನು ಏನು ಮಾಡಬೇಕು? ಸುಮ್ಮನೆ ಸೊಪ್ಪು ಕೊಯ್ದು ತಂದು ಹಾಕಬೇಕು. ನಮ್ಮ ಮಾವ ಹಾಗೆ ಮಾಡಿದನೇ? ತಾನೂ ಮೂಸತೊಡಗಿದ! "ಹಿಕ್ಕೆಯಿಂದ ಅಮೋನಿಯ ಏಳ್ತದೆ, ಅದನ್ನ ಸ್ಟಡಿ ಮಾಡ್ತಾ ಇವ್ನಿ" ಎಂದು ಹುಳದ ಮನೆಗೆ ನುಗ್ಗಿ, ಅತ್ತೆಗಿಂತ ಮೊದಲು ತಟ್ಟೆಗೆ ಮೂಗು ಇಡುವುದು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ಕಡಿಮೆಯಾಗಿ ಗೊಣಗಾಟ ಶುರುವಾಯಿತು.

ಹುಳದ ಮನೆಯಲ್ಲೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅವನ ಮೂಗು ಲೋಕಸಂಚಾರಕ್ಕೆ ಹೊರಟಿತು. ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ಮೂಸುವುದು, ಹಾಲು ಮೂಸುವುದು, ನೆನ್ನೆಯ ಸಾರು ಮೂಸುವುದು. ನಾನು ರಾಮನಗರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಅಮೋನಿಯಕ್ಕೂ ನನಗೂ ಇರುವ ನಂಟು ಶಾಲೆಯ ಮೂತ್ರಾಲಯದ ಮಟ್ಟಿಗೆ ಮಾತ್ರ. ಮಾವ ಒಂದು ದಿನ ನನ್ನನ್ನು ನೋಡಲು ಬಂದವನು ಸೀದಾ ಅಲ್ಲಿಗೇ ಹೋದ. ಹೊರಗೆ ಬಂದು ನಮ್ಮ ಹೆಡ್‌ಮೇಡಂ ಮುಂದೆ ಕೈಮುಗಿದು ನಿಂತ.

"ಮೇಡಂನೋರೇ, ದೇಸದ ಸಂಪತ್ತು ಚರಂಡೀಲಿ ಹರ್ದೋಯ್ತಾ ಐತೆ. ನಂಗೆ ಒಪ್ಸುಬುಡಿ, ದಿನಾ ಬಂದು ತುಂಬ್ಕೊಂಡು ಹೋಯ್ತೀನಿ."

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ಆದರೆ ನಾನು ತಪ್ಪಿಸಿಕೊಳ್ಳುವುದು ಎಲ್ಲಿಗೆ? ಇಂಗ್ಲಿಷ್ ಬಲ್ಲ ಅಳಿಯ ಅವನಿಗೆ ನಾನೊಬ್ಬನೇ. ಒಂದು ಭಾನುವಾರ ಕರೆಸಿಕೊಂಡು, ಮೊಬೈಲಿನಲ್ಲಿ ಬಿಟ್ಟಿಯಾಗಿ ನೋಡಬಹುದಾದ ಒಂದು ಸಭೆಗೆ ತನ್ನ ಹೆಸರು ನೋಂದಾಯಿಸು ಅಂದ. ಸಾರಜನಕ ಮತ್ತು ಸಿಂಥೆಸಿಸ್ ಗ್ಯಾಸಿನ ತಂತ್ರಜ್ಞಾನ, ಮಾರುಕಟ್ಟೆ, ಇತ್ಯಾದಿ. ಭೂಮಿಯ ಎಲ್ಲ ಕಡೆಯಿಂದ ಕೋಟು ಹಾಕಿದವರು ಕೂತು ಮಾತಾಡುವ ಸಭೆ. ನೋಂದಣಿಯಲ್ಲಿ ಕಂಪನಿಯ ಹೆಸರು ಕೇಳಿತ್ತು.

"ಏನಂತ ಹಾಕ್ಲಿ ಮಾವ?"

"ಸ್ವಂತದ್ದು ಅಂತ ಹಾಕು."

"ಹುದ್ದೆ?"

ಮಾವ ಯೋಚಿಸಿದ. ಒಳಗಿನಿಂದ ಅತ್ತೆ, "ಉದ್ದೆ ಏನೂ ಇಲ್ಲ ಅಂತ ಹಾಕಪ್ಪ, ದಿಟ ಹೇಳಾಕೆ ನಾಚ್ಕೆ ಯಾಕೆ?" ಅಂದಳು. ನಾನು "ನಿರ್ದೇಶಕರು" ಎಂದು ಹಾಕಿದೆ.

ಸಭೆ ನಡೆಯಿತು. ಒಬ್ಬ ಬಿಳಿಯ ಮಹನೀಯರು ಬಣ್ಣಬಣ್ಣದ ಗೆರೆಗಳನ್ನು ತೋರಿಸಿ ಬೇಡಿಕೆ, ಪೂರೈಕೆ ಎಂದು ತಾಸುಗಟ್ಟಲೆ ಹೇಳಿದರು. ಮಾವ ಪಂಚೆ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೇಳಿದ. ಅವರಿಗೆ ಕಾಣಿಸುವುದಿಲ್ಲ ಮಾವ ಎಂದರೂ ಕೇಳದೆ ತಲೆಗೆ ಪೇಟ ಬೇರೆ ಸುತ್ತಿದ್ದ. ಕೊನೆಗೆ ಪ್ರಶ್ನೆಗಳಿದ್ದರೆ ಬರೆಯಿರಿ ಅಂದರು. ಮಾವನ ಪ್ರಶ್ನೆ ತಯಾರಿತ್ತು: "ಕೂಟಗಲ್ ಸೊಸೈಟಿಗೆ ಲೋಡು ಯಾವತ್ತು ಬತ್ತದೆ?" ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಬಿಳಿಯ ಮಹನೀಯರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಇದು ಬಹಳ ಮುಖ್ಯವಾದ ಪ್ರಶ್ನೆ, ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ" ಅಂದರು. ಮರುದಿನ ಟೀ ಅಂಗಡಿಯಲ್ಲಿ ಮಾವ ಎಲ್ಲರಿಗೂ ಬನ್ನು ಕೊಡಿಸಿದ. ಇಡೀ ಪ್ರಪಂಚವನ್ನೇ ನಿರುತ್ತರ ಮಾಡಿ ಬಂದಿದ್ದನಲ್ಲ!

ಆ ಸಭೆಯ ಫಲವಾಗಿ ಇನ್ನೊಂದು ಪೀಡೆ ಗಂಟುಬಿತ್ತು. ನಿರ್ದೇಶಕರಿಗೆ ಫೋನುಗಳು ಬರತೊಡಗಿದವು. ಮುಂಬಯಿಯಿಂದ ಒಬ್ಬ ಹುಡುಗಿ, ಗ್ಯಾಸಿನ ಕಾರ್ಖಾನೆಗೆ ಬೇಕಾಗುವ ಅದೇನೋ ಪುಡಿ ಮಾರುವವಳು, "ಸರ್, ನಿಮ್ಮ ಪ್ಲಾಂಟಿನ ಕೆಪಾಸಿಟಿ ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅನುವಾದಿಸಿದೆ.

"ಎರಡು ಡ್ರಮ್ಮು ಅನ್ನು," ಅಂದ ಮಾವ ಗಂಭೀರವಾಗಿ.

ಸುಳ್ಳಲ್ಲ ಕಣ್ರೀ. ಆ ಹೊತ್ತಿಗಾಗಲೇ ಹಿತ್ತಲಲ್ಲಿ ಎರಡು ಡ್ರಮ್ಮಿನ ಸಿಂಥೆಸಿಸ್ ಗ್ಯಾಸ್ ಕಾರ್ಖಾನೆ ಎದ್ದಿತ್ತು! ಕಟ್ಟಿಗೆಯನ್ನು ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಗ್ಯಾಸು ಬರುತ್ತದೆ ಎಂದು ಎಲ್ಲೋ ಕೇಳಿದ್ದ. ಅದಕ್ಕಾಗಿ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಹತ್ತಿರ ಹೋಗಿ ಮರದ ಹೊಟ್ಟು ಮೂಟೆಗಟ್ಟಲೆ ಹೊತ್ತು ತಂದ. ಬೊಂಬೆಯ ಹೊಟ್ಟು ಅಂದರೆ ಬರೀ ಮರವಲ್ಲ, ಅರಗು, ಬಣ್ಣ ಎಲ್ಲ ಸೇರಿರುತ್ತದೆ. ಬೆಂಕಿ ಇಟ್ಟ ಮೇಲೆ ಗ್ಯಾಸು ಬರಲಿಲ್ಲ, ಪಕ್ಕದ ಮನೆಯವರೆಲ್ಲ ಬಂದರು. ಮಾವನ ಹುಬ್ಬು ಅರ್ಧ ಹೋಯಿತು. ಹೊಟ್ಟಿನ ರಾಶಿಯಲ್ಲಿ ಹೊರಳಾಡಿದ ಕೋಳಿಗಳು ಒಂದು ವಾರ ಕೆಂಪು, ಹಳದಿ ಬಣ್ಣದಲ್ಲಿ ಓಡಾಡಿಕೊಂಡಿದ್ದವು. ಅತ್ತೆ ಹುಳದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, "ನನ್ ಹುಳಕ್ಕೇನಾರ ಆದ್ರೆ ನಿಮ್ಮನ್ನೂ ಆ ಡ್ರಮ್ಮಿಗೇ ಹಾಕ್ಬುಡ್ತೀನಿ" ಅಂದಳು. ಈಗ ಅದರಲ್ಲಿ ಸ್ನಾನಕ್ಕೆ ನೀರು ಕಾಯುತ್ತದೆ. ಮಾವ ಮಾತ್ರ "ಪ್ಲಾಂಟಿಗೆ ಒಸಿ ಸೌದೆ ಹಾಕ್ಲಾ" ಎಂದೇ ಹೇಳುವುದು.

ಇಷ್ಟಾದ ಮೇಲೆ ಊರಿನವರ ತಾಳ್ಮೆ ಕೆಟ್ಟಿತು. ಎದುರು ಮನೆಯ ಪುಟ್ಟತಾಯಮ್ಮ ಎಲ್ಲರ ಪರವಾಗಿ ಬಂದಳು. ನಾನೂ ಅಲ್ಲೇ ಜಗಲಿಯ ಮೇಲಿದ್ದೆ.

"ಅಕ್ಕ, ನಿನ್ ಮ್ಯಾಲೆ ನಮ್ಗೇನಿಲ್ಲ. ಆದ್ರೆ ಅಣ್ಣನ್ನ ಹುಳದ್ ಮನೆಗೆ ಬುಡ್ಬ್ಯಾಡ. ನಿನ್ ಮೂಗಿಗಿಂತ ಮುಂಚೆ ಅವ್ರ ಮೂಗು ತಟ್ಟೆ ಮ್ಯಾಲೆ ಇರ್ತದೆ. ಹಿಂಗೇ ಆದ್ರೆ ನಾವು ಮರಳವಾಡಿ ಕಡೆಯಿಂದ ಚಾಕಿ ತರುಸ್ಕತೀವಿ, ಏನೂ ಅಂದ್ಕಬ್ಯಾಡ."

ಅತ್ತೆಯ ಮುಖ ಬಿಳುಪಾಯಿತು. ಚಾಕಿ ಅವಳಿಗೆ ಬರೀ ಕಸುಬಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಯಾರೂ ಹೆಸರು ಹಿಡಿದು ಕರೆಯದ ಊರಿನಲ್ಲಿ "ಚಾಕಿ ಅಕ್ಕ" ಎನಿಸಿಕೊಂಡದ್ದು ಅದರಿಂದ. ಅದು ಹೋದರೆ ಅವಳ ಹತ್ತಿರ ಉಳಿಯುವುದೇನು? ಆದರೂ ಅವಳು ಗಂಡನನ್ನು ಹೊರಗಿಡುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. "ನೋಡನ ತಾಯಿ" ಅಂದಳು, ಅಷ್ಟೆ. ಮಾವ ಕಂಬಕ್ಕೆ ಒರಗಿ, "ಅಮೋನಿಯಕ್ಕೆ ಗಡಿ ಇಲ್ಲ ಪುಟ್ಟತಾಯಿ" ಎಂದು ಏನೋ ಹೇಳಹೊರಟ. ನನಗೆ ನಿಜಕ್ಕೂ ಸಿಟ್ಟು ಬಂತು. ಹೆಂಡತಿಯ ಅನ್ನಕ್ಕೇ ಕಲ್ಲು ಹಾಕುತ್ತಿದ್ದಾನಲ್ಲ ಈ ಮನುಷ್ಯ, ಇನ್ನು ಇವನನ್ನು ತಮಾಷೆ ಎಂದು ನೋಡಬಾರದು ಅಂದುಕೊಂಡೆ.

ಮುಂದಿನ ಸಲ ಹುಳ ಕೊಡುವ ದಿನ ಬಂದಾಗ ಎಲ್ಲರ ಅದೃಷ್ಟಕ್ಕೆ ಮಾವ ಊರಲ್ಲಿರಲಿಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಹತ್ತಿರದ ನೆಂಟರ ಮದುವೆ, ಹೋಗಲೇಬೇಕಿತ್ತು. ಹುಳ ಕೊಡುವುದು ಅದರ ಮಾರನೇ ದಿನ ಎಂದು ಇವರ ಎಣಿಕೆ. ಆದರೆ ಬಿಸಿಲು ಜೋರಾಗಿ ಹುಳಗಳು ಒಂದು ದಿನ ಮೊದಲೇ ಎರಡನೇ ಜ್ವರದಿಂದ ಎದ್ದುಬಿಟ್ಟವು. ಎದ್ದ ಹುಳ ಕಾಯುವುದಿಲ್ಲ, ತಂಪು ಹೊತ್ತಿನಲ್ಲೇ ಕೊಟ್ಟು ಕಳಿಸಬೇಕು. ಬೆಳಗ್ಗೆಯೇ ಹೆಂಗಸರು ಬಂದು ಹುಳಕ್ಕೆ ರೋಗ ತಗುಲದಿರಲೆಂದು ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಸಾಲಾಗಿ ಕೂತರು. ಕೈಸಹಾಯಕ್ಕೆಂದು ಅತ್ತೆ ನನ್ನನ್ನೂ ಕರೆಸಿಕೊಂಡಿದ್ದಳು.

"ಅಣ್ಣ ಇಲ್ವಾ? ಸದ್ಯ!" ಅಂದಳು ಪುಟ್ಟತಾಯಮ್ಮ.

ಅತ್ತೆ ಮಾತ್ರ ತಟ್ಟೆ ಮುಟ್ಟಲೊಲ್ಲಳು. "ಒಸಿ ತಾಳಿ, ರಾಹುಕಾಲ ಕಳೀಲಿ" ಅಂದಳು. ರಾಹುಕಾಲ ಕಳೆಯಿತು. "ಯಮಗಂಡ ಐತೆ" ಅಂದಳು. ಅದೂ ಹೋಯಿತು. "ಈಗ ಗುಳಿಕ ಕಾಲ" ಅಂದಳು.

"ಇನ್ಯಾವ ಕಾಲ ಉಳ್ಕಂಡೈತೆ ಕಣಕ್ಕ? ಬ್ಯಾಸ್ಗೆ ಕಾಲ ಒಂದೇ ಇನ್ನು!" ಎಂದು ಪುಟ್ಟತಾಯಮ್ಮ ಎದ್ದು ನಿಂತಳು. ಬಿಸಿಲು ನೆತ್ತಿಗೇರಿತ್ತು. ಮಾವನಿಗೆ ಫೋನು ಮಾಡಿದರೆ ಹತ್ತುತ್ತಿಲ್ಲ. ದಾರಿಯಲ್ಲಿ ಯಾವುದೋ ಅಮೋನಿಯ ಟ್ಯಾಂಕರ್ ಕಂಡು ಅದರ ಹಿಂದೆ ಹೋಗಿರಬೇಕು ಎಂದು ಯಾರೋ ಅಂದರು, ಎಲ್ಲರೂ ನಕ್ಕರು.

ಅತ್ತೆ ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದಳು. ಒಂದು ತಟ್ಟೆಯ ಕಾಗದ ಸರಿಸಿದಳು.

"ಮಗಾ, ಒಸಿ ಮೂಸಿ ನೋಡು. ಏನು ವಾಸ್ನೆ ಬತ್ತದೆ ಹೇಳು."

"ಸೊಪ್ಪಿನ ವಾಸನೆ ಅತ್ತೆ."

"ಸೊಪ್ಪು ಅಂದ್ರೆ ಎಂಗಿರೋ ಸೊಪ್ಪು? ತಂಪಾಗೈತಾ, ಹುಳಿ ಹತ್ತೈತಾ?"

"ನನಗೇನು ಗೊತ್ತಾಗುತ್ತೆ? ನೀನೇ ನೋಡತ್ತೆ."

"ನಂಗೆ ಬರಾಕಿಲ್ಲ ಕಣಪ್ಪ." ಅವಳ ಕಣ್ಣು ತುಂಬಿತು. "ಆ ಜ್ವರ ಬಂದು ಹೋದಾಗ್ಲಿಂದ ಏನೂ ಬರಾಕಿಲ್ಲ. ಸಾರು ಸೀದ್ರೂ ಬರಾಕಿಲ್ಲ, ಮಲ್ಲಿಗೆ ಮುಡುದ್ರೂ ಬರಾಕಿಲ್ಲ. ನಿಮ್ ಮಾವನೇ ಮೂಸೋದು. ಯಾರ್ಗೂ ಹೇಳ್ಬ್ಯಾಡ."

ಹಾಗಾದರೆ ಮಾವ ಅಡುಗೆಮನೆಯ ಮುಚ್ಚಳ ಎತ್ತಿ ಮೂಸಿದ್ದು? ಹಾಲು ಮೂಸಿದ್ದು? ಊರೆಲ್ಲ ಮೂಸಿಕೊಂಡು ತಿರುಗಿದ್ದು? ಹುಳದ ಮನೆಯಲ್ಲಿ ಒಂದೇ ಕಡೆ ಮೂಸಿದರೆ ಜನಕ್ಕೆ ಅನುಮಾನ ಬರುತ್ತದೆಂದು ಈ ಮಹಾರಾಯ ಜಗತ್ತನ್ನೇ ಮೂಸಿದ್ದನೇ!

ಅಷ್ಟರಲ್ಲಿ ಹೊರಗೆ ಗೂಡ್ಸ್ ಆಟೋ ನಿಂತ ಸದ್ದಾಯಿತು. ಟೊಮ್ಯಾಟೊ ಕ್ರೇಟುಗಳ ನಡುವಿನಿಂದ ಮಾವ ಇಳಿದ. ಮದುವೆಯ ಬಿಳಿ ಪಂಚೆ, ಕೈಯಲ್ಲಿ ತಾಂಬೂಲದ ಚೀಲ, ಹಣೆಯಲ್ಲಿ ಬೆವರಿಗೆ ಇಳಿದ ಕುಂಕುಮ. ಹುಳ ಎದ್ದ ಸುದ್ದಿ ಯಾರೋ ಮದುವೆ ಮನೆಯಲ್ಲಿ ಹೇಳಿದರಂತೆ, ಊಟಕ್ಕೆ ಕೂತವನು ಎಲೆ ಬಿಟ್ಟು ಎದ್ದು ಬಂದಿದ್ದ.

"ಯಾರೂ ತಟ್ಟೆ ಮುಟ್ಟಂಗಿಲ್ಲ! ಮೊದ್ಲು ನನ್ ಅಮೋನಿಯ ಸ್ಟಡಿ!" ಎಂದು ಕೂಗುತ್ತಲೇ ಸುಣ್ಣ ತುಳಿದು ಒಳಗೆ ನುಗ್ಗಿದ.

"ಬಂತಪ್ಪ ಶನಿ," ಅಂದಳು ಪುಟ್ಟತಾಯಮ್ಮ.

ಮಾವ ಒಂದೊಂದೇ ತಟ್ಟೆಗೆ ಬಗ್ಗುತ್ತಾ, ಯಾವುದೋ ದೇಶದಲ್ಲಿ ಹೊಸ ಕಾರ್ಖಾನೆ ತೆರೆದದ್ದು, ಹಡಗಿನ ಬಾಡಿಗೆ ಇಳಿದದ್ದು, ಮುಂದೆ ಸೂರ್ಯನ ಬಿಸಿಲಿಂದಲೇ ಅಮೋನಿಯ ಮಾಡುತ್ತಾರಂತೆ ಎನ್ನುವುದು, ಎಲ್ಲ ಒದರುತ್ತಾ ಹೋದ. ಹೆಂಗಸರು ಹಣೆ ಚಚ್ಚಿಕೊಂಡರು. ಹಿಂದೆಯೇ ಅತ್ತೆ ಬಂದಳು, ಬಗ್ಗಿದಳು, ಕಣ್ಣು ಮುಚ್ಚಿದಳು, "ತಕ್ಕೊಂಡೋಗವ್ವ" ಅಂದಳು. ಮೂಲೆಯ ಕೆಳಗಿನ ತಟ್ಟೆಗೆ ಬಂದಾಗ ಮಾವ ಅಲ್ಲೇ ನಿಂತ. ಬಾಯಿ ಹಡಗಿನ ಬಾಡಿಗೆಯನ್ನೇ ಹೇಳುತ್ತಿತ್ತು, ಕೈ ಮಾತ್ರ ತಟ್ಟೆಯ ಅಂಚು ಬಿಡಲಿಲ್ಲ. ಅತ್ತೆ ಆ ಕೈಯನ್ನು ನೋಡಿದಳು. ಬಗ್ಗಿ, ಬಹಳ ಹೊತ್ತು ಮೂಸಿದಂತೆ ಮಾಡಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇದು ಬ್ಯಾಡ. ನನ್ ಮೂಗಿಗೆ ಒಪ್ಪಲಿಲ್ಲ."

ಪುಟ್ಟತಾಯಮ್ಮ ಹತ್ತಿರ ಬಂದು ಎಲೆ ಸರಿಸಿ ನೋಡಿದಳು. ಅಡಿಯಲ್ಲಿ ಹುಳಗಳು ಸಪ್ಪೆಯಾಗಿ, ನೀರಾಗಿ ಬಿದ್ದಿದ್ದವು. "ಅಬ್ಬ! ಏನ್ ಮೂಗವ್ವ ನಿಂದು!" ಎಂದು ಅತ್ತೆಯ ಕೈ ಹಿಡಿದುಕೊಂಡಳು. "ಮರಳವಾಡಿ ಮಾತು ನಾನಾಡಿದ್ದು ಮರ್ತುಬುಡಕ್ಕ. ಈ ಹುಚ್ಚಪ್ಪನ್ನ ಕಟ್ಕೊಂಡು ಅದೆಂಗ್ ಏಗ್ತಿಯೋ ಏನೋ!" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಾವ ನಕ್ಕ.

ನನಗೆ ಮಾತ್ರ ನಗು ಬರಲಿಲ್ಲ. ಸಂಜೆ ಅವನನ್ನು ಟೀ ಅಂಗಡಿಗೆ ಕರೆದುಕೊಂಡು ಹೋದೆ.

"ಅತ್ತೆ ಎಲ್ಲಾ ಹೇಳಿದ್ಲು ಮಾವ," ಅಂದೆ.

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ರೇಷ್ಮೆ ಆಫೀಸಿನೋರ್ನ ಕೇಳ್ದೆ ಕಣ್ಲಾ, ಹುಳದ್ ಮನೇಲಿ ಕೆಟ್ಟ ವಾಸ್ನೆ ಬತ್ತದಲ್ಲ ಅದೇನು ಅಂತ. ಅಮೋನಿಯ ಅಂದ್ರು. ಮೂಸಾಕೆ ಒಂದು ನೆಪ ಸಿಕ್ತು. ಓದ್ತಾ ಓದ್ತಾ ದಿಟವಾಗ್ಲೂ ರುಚಿ ಹತ್ಬುಡ್ತು, ಏನ್ ಮಾಡಾದು! ಊರಿಗೆ ಒಬ್ಬ ಹುಚ್ಚ ಇದ್ರೆ ನಡೀತದೆ. ಅವ್ಳ ಮೂಗು ಹೋಯ್ತು ಅಂತ ಗೊತ್ತಾದ್ರೆ ನಡೆಯಾಕಿಲ್ಲ."

ಬಸ್ಸಿಗೆ ಹೊರಟವನೊಬ್ಬ ಹಾದುಹೋಗುತ್ತಾ ಮಾವನ ಮುಂದೆ ಬೀಡಿ ಕಟ್ಟು ಚಾಚಿದ. ಮಾವ ತಲೆಯಾಡಿಸಿದ. "ಬುಟ್ಬುಟ್ಟೆ ಕಣಣ್ಣ" ಅಂದ. ಅವನು ಅತ್ತ ಹೋದ ಮೇಲೆ, ಬೀಡಿ ಬಿಟ್ಟದ್ದೂ ಮೂಗಿಗಾಗಿಯೇನಾ ಎಂದು ನಾನು ಕೇಳಿದೆ.

"ಮೂಗಿಗಲ್ಲ ಕಣ್ಲಾ," ಅಂದ ಮಾವ. "ಮದ್ವೆ ಆದಾಗ್ಲಿಂದ ಬೀಡಿ ನಾತ ಅಂತ ಬೈದವ್ಳೆ ನಿಮ್ಮತ್ತೆ. ಬಚ್ಲ ಹಿಂದೆ ನಿಂತ್ಕಂಡು ಸೇದಿ, ಪುದೀನ ಅಗ್ದು, ಮೊಕ ತೊಳ್ಕಂಡು ಬಂದ್ರೂ ಹಿಡಿಯೋಳು. ಜ್ವರ ಬುಟ್ಟ ಮ್ಯಾಲೆ ಒಂದು ದಿನ ಸೇದ್ಬುಟ್ಟು ಅವ್ಳ ಪಕ್ಕ ಹೋಗಿ ಕುಂತ್ಕಂಡೆ. ಬೈಲಿಲ್ಲ. ಬೈಯ್ಲಿ ಅಂತ ಇನ್ನೂ ಒಸಿ ಹತ್ರಕ್ಕೆ ಸರ್ಕಂಡೆ. ನನ್ ಮೊಕ ನೋಡಿ ಸುಮ್ಕೆ ನಕ್ಲು. ಆವಾಗ್ಲೇ ನಂಗೆ ಗೊತ್ತಾಗಿದ್ದು."

ಅವನು ಟೀ ಕುಡಿಯದೆ ಲೋಟ ಕೆಳಗಿಟ್ಟ.

"ಅವ್ಳು ಬೈಯ್ದೇ ಹೋದ್ಮೇಲೆ ಅದ್ನ ಎಂಗ್ಲಾ ಸೇದ್ಲಿ?"